ರೊಟ್ಟಿಯ ಅಂಚಿನ ಬೆರಳು

ಬಹುಮಾನದ ಆಸೆಯೇ ಇಲ್ಲ ಎನ್ನುವವರನ್ನು ನಂಬಬೇಡಿ. ಬೀದರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನೂ ಹಾಗೆಯೇ ಹೇಳಿಕೊಂಡು ತಿರುಗುತ್ತಿದ್ದವನೇ. ಒಂದು ದಿನ ನಮ್ಮ ಸ್ಟಾಫ್ ರೂಮಿನ ಗೋಡೆಗೆ ಸುತ್ತೋಲೆಯೊಂದು ಬಂದು ಅಂಟಿತು. ಅಪರಾಧ ತನಿಖೆಯಲ್ಲಿ ಮನುಷ್ಯರ ಗುರುತು ಹಿಡಿಯಲು ಹೊಸ ದಾರಿ ಕಂಡುಹಿಡಿದವರಿಗೆ ಸಂಶೋಧನಾ ಪ್ರಶಸ್ತಿಯಂತೆ. ಅರ್ಜಿಯ ಜೊತೆಗೆ, ಸಾಕ್ಷಿಯ ಎದುರು ಪ್ರಯೋಗ ಮಾಡಿ ಗೆದ್ದ ವರದಿಯೂ ಬೇಕಂತೆ. ಅದನ್ನು ಓದಿ ಪ್ರಿನ್ಸಿಪಾಲರು ನನ್ನ ಕಡೆ ನೋಡಿ ಸುಮ್ಮನೆ ನಕ್ಕರು. ಆ ನಗುವಿನ ಸಿಟ್ಟಿಗೇ ಪ್ರಶಸ್ತಿ ಗೆಲ್ಲುವುದೆಂದು ನಾನು ನಿಶ್ಚಯಿಸಿಬಿಟ್ಟೆ. ಏನು ಕಂಡುಹಿಡಿಯಬೇಕೆಂಬುದೊಂದು ಬಾಕಿ ಉಳಿದಿತ್ತು.

ಬೆರಳಚ್ಚು, ಹಲ್ಲು, ಕಣ್ಣಿನ ಪಾಪೆ, ನೆತ್ತರು, ಎಲ್ಲವನ್ನೂ ಹಿಂದಿನವರು ನನಗಾಗಿ ಏನೂ ಉಳಿಸದೆ ಮುಗಿಸಿಬಿಟ್ಟಿದ್ದರು. ಮಧ್ಯಾಹ್ನ ಬೇಸರದಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಹೊಳೆಯಿತು. ಜೋಳದ ರೊಟ್ಟಿಯನ್ನು ನಮ್ಮ ಕಡೆ ಕೈಯಿಂದ ಬಡಿಯುತ್ತಾರೆ. ಮೇಲೆ ಎಷ್ಟೇ ನೀರು ಸವರಿದರೂ ಅಂಚಿನಲ್ಲಿ ಬೆರಳು ಕೂತ ಗುರುತು ಹೋಗುವುದಿಲ್ಲ. ಒಬ್ಬೊಬ್ಬರ ಕೈ ಒಂದೊಂದು ಥರ. ಔರಾದಿನಲ್ಲಿರುವ ನನ್ನ ಅಕ್ಕನ ರೊಟ್ಟಿ ಯಾವಾಗಲೂ ಒಂದು ಮಗ್ಗುಲಿಗೆ ದಪ್ಪ. ಅವಳ ಮಾತಿನ ಹಾಗೆಯೇ, ಮೊದಲು ಅಗಿದು ಆಮೇಲೆ ನುಂಗಬೇಕು. ಕಳ್ಳನೊಬ್ಬ ಬುತ್ತಿ ಬಿಟ್ಟು ಓಡಿದನೆನ್ನಿ. ರೊಟ್ಟಿ ನೋಡಿ ಬಡಿದವಳನ್ನು ಹಿಡಿದರೆ ಸಾಕು, ಉಂಡವನು ಎಲ್ಲಿ ಹೋದಾನು?

ಅಂದಿನಿಂದ ನಮ್ಮ ಅಡುಗೆಮನೆ ಪ್ರಯೋಗಶಾಲೆಯಾಯಿತು. ತಾಟಿಗೆ ರೊಟ್ಟಿ ಬಿದ್ದ ಕೂಡಲೇ ನಾನು ಭೂತಗನ್ನಡಿ ಹಿಡಿದು ಬಗ್ಗುತ್ತಿದ್ದೆ, ಫೋಟೋ ತೆಗೆಯುತ್ತಿದ್ದೆ. ಪುಂಡಿ ಸೊಪ್ಪಿನ ಪಲ್ಲೆ ಆರಿ ತಣ್ಣಗಾಗುತ್ತಿತ್ತು. ನನ್ನ ಹೆಂಡತಿ ಸುವರ್ಣಾ ಭಾಲ್ಕಿಯವಳು, ತಾಳ್ಮೆಯುಳ್ಳವಳು. "ರೀ, ಮೊದಲ ಉಣ್ರಿ. ರೊಟ್ಟಿ ಎಲ್ಲಿ ಓಡಿ ಹೋಗ್ತದ?" ಎಂದಷ್ಟೇ ಅನ್ನುತ್ತಿದ್ದಳು. "ನಿನ್ನ ಕೈ ರೊಟ್ಟೀನೇ ನನ್ನ ಸಂಶೋಧನಕ್ಕ ಮೂಲ ಮಾದರಿ," ಎಂದು ನಾನು ಹೊಗಳಿದ ದಿನ ಅವಳು ಏನೋ ಹೇಳಲು ಬಾಯಿ ತೆರೆದಳು. "ಸ್ವಲ್ಪ ಸರದು ನಿಂದ್ರು, ನೆರಳ ಬೀಳ್ತದ," ಎಂದೆ. ಅವಳು ಸರಿದು ನಿಂತಳು.

ಸಾಕ್ಷಿಯಾಗಲು ರಸಾಯನಶಾಸ್ತ್ರದ ಖಾಲಿದ್ ಸಾಹೇಬರು ಒಪ್ಪಿದರು. ಅವರೂ ಭಾಲ್ಕಿಯವರೇ, ದಿನಾ ರೈಲಿಗೆ ಬಂದು ಹೋಗುವವರು. "ಒಂದು ನಿಮ್ಮ ಮನೀದು, ಒಂದು ನಿಮ್ಮ ಅಕ್ಕಾವರದು. ಮೂರನೇದು ಎಲ್ಲೀದು ಅಂತ ನಾ ಬಿಲ್ಕುಲ್ ಹೇಳಂಗಿಲ್ರಿ," ಎಂದು ಷರತ್ತು ಹಾಕಿದರು. ಪ್ರಯೋಗದ ದಿನ ಬೆಳಿಗ್ಗೆ ತಾವೇ ನಮ್ಮ ಮನೆಗೆ ಹೋಗಿ ಸುವರ್ಣಾಳ ಕೈಯಿಂದ ರೊಟ್ಟಿ ಇಸಿದುಕೊಂಡು ಬಂದರು. ಅಕ್ಕನದು ಔರಾದಿನ ಬಸ್ಸಿಗೆ ಬಂದಿತ್ತು. ಸ್ಟಾಫ್ ರೂಮಿನ ಮೇಜಿನ ಮೇಲೆ ಮೂರು ತಾಟು, ಪ್ರತಿ ತಾಟಿನ ಕೆಳಗೆ ಒಂದು ಚೀಟಿ. ಪ್ರಿನ್ಸಿಪಾಲರೂ ಬಂದು ಕೂತರು.

ಮೊದಲನೆಯದು ಅಕ್ಕನದು, ಅದಕ್ಕೆ ಕನ್ನಡಿಯೇ ಬೇಕಿರಲಿಲ್ಲ. ಎರಡನೆಯದನ್ನು ನೋಡಿ ನನಗೆ ಎದೆಯುಬ್ಬಿ ಬಂತು. "ನೋಡ್ರಿ, ಸುತ್ತ ಎಷ್ಟು ಸಮ ಅದ! ಇದು ನನ್ನ ಹೆಂಡ್ತಿ ಕೈ. ಬೆರಳಿನಾಗ ಪ್ರೀತಿ ಕಾಣ್ತದ," ಎಂದೆ. ಮೂರನೆಯದನ್ನು ಎತ್ತಿ ಹಿಡಿದು, "ಇದು ಪಗಾರಕ್ಕ ಬಡಿದ ರೊಟ್ಟಿ. ಬಲಗೈ ಬಿದ್ದೇ ಇಲ್ಲ. ಶುದ್ಧ ಮೈಗಳ್ಳಿ ಇದ್ದಾಳ," ಎಂದು ತೀರ್ಪು ಕೊಟ್ಟೆ. ಖಾಲಿದ್ ಸಾಹೇಬರು ಚೀಟಿ ತಿರುಗಿಸಿದರು, ಕೆಮ್ಮಿದರು. "ಮಾಸ್ತರ, ಎರಡನೇದು ಭಾಲ್ಕಿ ಸ್ಟೇಷನ್ ಬಾಜೂಕಿನ ರೊಟ್ಟಿ ಅಂಗಡೀದು. ಮೂರನೇದು... ಭಾಬೀಯವರದು." ಪ್ರಿನ್ಸಿಪಾಲರು ಈ ಸಲ ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮನೆಗೆ ಹೋದವನೇ ಹೆಂಡತಿಯ ಮೇಲೆ ಹರಿಹಾಯ್ದೆ. ನನ್ನ ಪ್ರಯೋಗ ಹಾಳು ಮಾಡಲೆಂದೇ ಬೇರೆ ಥರ ಬಡಿದೆಯಾ ಎಂದು ಕೇಳಿದೆ. ಅವಳು ಮೊದಲು ನಕ್ಕಳು. "ನನ್ನ ಮಣಿಕಟ್ಟು ಹಿಡಕೊಂಡಾಗಿಂದ ರೊಟ್ಟಿ ಭಾಲ್ಕಿ ಸ್ಟೇಷನ್ ಅಂಗಡೀವೇ ಬರ್ತಾವ್ರಿ. ನನ್ನ ತಮ್ಮ ದಿನಾ ಕೆಲಸಕ್ಕ ಇಲ್ಲಿಗೆ ಬರೋ ಮುಂದ ತಂದು ಕೊಡ್ತಾನ." ಅವನ ಚೀಲದಲ್ಲಿ ಮೊಸರಿರುತ್ತದೆಂದು ನಾನು ನಂಬಿದ್ದೆ. "ಇವತ್ತ ಬಹುಮಾನದ ಮಾತು ಅಂತ, ನೋವಾದ್ರೂ ನಾನೇ ಬಡದೆ."

"ಮೊದಲೇ ಯಾಕ ಹೇಳಲಿಲ್ಲ?"

"ಹೇಳಿದ್ದೆ. ನೀವು ಪೇಪರ್ ಓದ್ಲಾಕತ್ತಿದ್ರಿ. ಹಾಂ ಅಂದ್ರಿ." ಆಮೇಲೆ ಮೆಲ್ಲಗೆ ಕೇಳಿದಳು, "ನನ್ನ ರೊಟ್ಟಿ ನೋಡಿ ಏನಂದ್ರಿ?"

ಮೈಗಳ್ಳಿ ಎಂಬ ಮಾತನ್ನು ಬಿಟ್ಟು, "ಬಲಗೈ ಬಿದ್ದಿಲ್ಲ ಅಂದೆ," ಎಂದೆ.

"ಅದೊಂದು ಖರೇ ಹಿಡದೀರಿ ನೋಡ್ರಿ," ಎಂದು ಕೈ ಮುಂದೆ ಚಾಚಿದಳು. ಮಣಿಕಟ್ಟಿನ ಬಾವು ಬಾಗಿಲಿನಿಂದಲೇ ಕಾಣುವಷ್ಟಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಮರುದಿನವೇ ಅವಳನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಪ್ರಶಸ್ತಿಯ ಅರ್ಜಿ ಹೋಗಲಿಲ್ಲ.

ಅಂಗಡಿ ರೊಟ್ಟಿಯನ್ನೂ ಬಿಡಿಸಿದ್ದೇನೆ, ಈಗ ನಾನೇ ಬಡಿಯುತ್ತೇನೆ. ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಇದು ಯಾರ ಕೈ ಎಂದು ಇಡೀ ಸ್ಟಾಫ್ ರೂಮು ಭೂತಗನ್ನಡಿ ಇಲ್ಲದೆ, ದೂರದಿಂದಲೇ ಹೇಳಿಬಿಡುತ್ತದೆ. ಇವತ್ತಿನವರೆಗೆ ಒಮ್ಮೆಯೂ ತಪ್ಪಿಲ್ಲ.