ಗಿರಾಕಿ ಸಿಗದ ಮಾಲೀಕ

ಮನೆ ಬಾಡಿಗೆಗೆ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಗೋಡೆಗೆ ಮೊಳೆ ಹೊಡೆಯಬೇಡಿ, ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸಬೇಡಿ ಎಂದು ಹೇಳುವುದಕ್ಕೇ ಹುಟ್ಟಿದ ಜನ ಎಂದುಕೊಂಡಿದ್ದೆ. ಈಗ ಆ ಎರಡೂ ಮಾತನ್ನು ನಾನೇ ಹೇಳುತ್ತೇನೆ. ಆಸೆಪಟ್ಟು ಮಾಲೀಕನಾದವನಲ್ಲ, ಕೊಳ್ಳುವವರು ಸಿಗದೆ ಆದವನು. ಅದರಲ್ಲೂ ನಾನಿರುವುದು ಹಿಟ್ಟಿನ ಗಿರಣಿಯ ಹಿಂದಿನ ಬಾಡಿಗೆ ಖೋಲಿಯಲ್ಲಿ. ಬೆಳಿಗ್ಗೆ ನನ್ನ ಮಾಲೀಕ ನನಗೆ ಬಯ್ದದ್ದನ್ನು ಸಂಜೆ ನನ್ನ ಬಾಡಿಗೆದಾರರಿಗೆ ದಾಟಿಸುತ್ತೇನೆ.

ಅಣ್ಣಿಗೇರಿಯ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ನೌಕರಿ ಮುಗಿದ ಮೇಲೆ ಮನೆ ಕಟ್ಟಿಸಿದೆ. ನಾನು ಇಟ್ಟಿಗೆಗಳಿಗೂ ‘ಸಾವಧಾನ್’ ಹೇಳಿ ಸಾಲಾಗಿ ನಿಲ್ಲಿಸಿದೆನೆಂದು ಹೆಂಡತಿ ಗಂಗವ್ವ ನಗುತ್ತಿದ್ದಳು. ವಾಸ್ತುಶಾಂತಿಯಾಗಿ ವರ್ಷ ತುಂಬುವುದರೊಳಗೆ ಅವಳು ಜ್ವರದಲ್ಲಿ ಹೋದಳು. ಆ ಮನೆಯಲ್ಲಿ ಒಬ್ಬನೇ ಕೂತು ಚಹಾ ಕುಡಿಯುವುದು ನನ್ನಿಂದಾಗಲಿಲ್ಲ. ಮಾರಲು ಹೊರಟೆ. ಬಂದವರೆಲ್ಲ ಸಾಗವಾನಿ ಬಾಗಿಲನ್ನು ಹೊಗಳಿ ಹೋದರು, ತಿರುಗಿ ಬರಲಿಲ್ಲ. ಕೊನೆಗೆ ದಲ್ಲಾಳಿ ಫಕೀರಪ್ಪ ಬಾಯಿಬಿಟ್ಟ.

“ಮಾಸ್ತರ, ಮನಿ ಅಗದಿ ಛಲೋ ಐತ್ರಿ. ಆದ್ರ ವಾಸ್ತು ಆದ ವರ್ಷನ ಅಕ್ಕಾರು ಹೋದ್ರಲ್ಲ, ಆ ಮನಿಗೆ ಬಲಿ ಬೇಕು ಅಂತಾರ ಮಂದಿ.”

“ಜ್ವರಾ ಬಂದಿತ್ತಲೇ ಫಕೀರಪ್ಪ.”

“ನನಗ ಗೊತ್ತೈತ್ರಿ, ಮಂದಿಗೆ ಯಾರು ಹೇಳಬೇಕು? ಯಾರನ್ನರ ಒಳಗ ಇಡ್ರಿ. ನಾಕು ಹಬ್ಬಾ ದೀಪಾ ಹಚ್ಚಲಿ, ಹೋಳಿಗಿ ಮಾಡಲಿ. ಅವರು ಗಟ್ಟಿಮುಟ್ಟಿ ಇದ್ರ ಗಿರಾಕಿ ತಾನ ಬರ್ತಾನ.”

ಹೀಗೆ ಬದುಕಿ ತೋರಿಸುವುದಕ್ಕೆಂದೇ ಬಾಡಿಗೆದಾರರು ಬಂದರು. ದನದ ದವಾಖಾನೆಯ ಕಂಪೌಂಡರ್ ಮತ್ತು ಅವನ ಹೊಸ ಹೆಂಡತಿ ಶಾಂತಾ. ಬೇರೆ ಮಾಲೀಕರು ಬಾಡಿಗೆ ಕೇಳಲು ಹೋಗುತ್ತಾರೆ, ನಾನು ಆರೋಗ್ಯ ಕೇಳಲು ಹೋಗುತ್ತಿದ್ದೆ. ಶಾಂತಾ ಒಮ್ಮೆ ಸೀನಿದರೆ ಸಾಕು, ಶುಂಠಿ ಹಿಡಿದುಕೊಂಡು ಹಾಜರಾಗುತ್ತಿದ್ದೆ.

ದೀಪಾವಳಿಯ ಮುಂಚೆ ಆ ಹುಡುಗಿ ಮನೆಗೆಲ್ಲ ಸುಣ್ಣ ಬಳಿದಳು.

“ಕಾಕಾ, ಪಡಸಾಲಿ ಗ್ವಾಡಿಗೆ ಯಾರೋ ತಲಿ ಆನಿಸಿ ಕುಂತು ಕುಂತು ಎಣ್ಣಿ ಕಲಿ ಬಿದ್ದಿತ್ರಿ. ಮ್ಯಾಲಿಂದ ಮ್ಯಾಲ ಸುಣ್ಣಾ ಬಡಿದೆ. ಹೋತು ನೋಡ್ರಿ!”

ಮಧ್ಯಾಹ್ನ ಕೆಲಸ ಮುಗಿಸಿ ಗಂಗವ್ವ ಕೂಡುತ್ತಿದ್ದ ಜಾಗ ಅದು. ಗೋಡೆ ಬೆಳ್ಳಗೆ, ಶಿಸ್ತಾಗಿತ್ತು. ಅಂಗಿಯ ಮೇಲೆ ಕಲೆ ಕಂಡರೆ ಹುಡುಗರನ್ನು ಸಾಲಿನಿಂದ ಹೊರಗೆ ಕರೆಯುತ್ತಿದ್ದವನು ನಾನು. “ಛಲೋ ಆತವಾ” ಎಂದು ಹೇಳಿ ಚಹಾಕ್ಕೂ ನಿಲ್ಲದೆ ಹೊರಟೆ. ನನ್ನ ಖೋಲಿ ದಾಟಿ ಬಸ್ ನಿಲ್ದಾಣದ ತನಕ ಹೋದ ಮೇಲೆ, ಎಲ್ಲಿಗೂ ಹೋಗಬೇಕಾಗಿಲ್ಲವೆಂದು ನೆನಪಾಯಿತು.

ಆದರೆ ಎಣ್ಣೆ ಸುಣ್ಣದ ಮಾತು ಕೇಳುವುದಿಲ್ಲ. ಸಂಕ್ರಮಣದ ಹೊತ್ತಿಗೆ ಕಲೆ ತೆಳ್ಳಗೆ ಮತ್ತೆ ಮೂಡಿತು. ಶಾಂತಾ ನಾಚಿದಳು.

“ಸಿಟ್ಟಾಗಬ್ಯಾಡ್ರಿ ಕಾಕಾ, ಇನ್ನೊಂದು ಕೈ ಬಡೀತೀನಿ.”

“ಬ್ಯಾಡವಾ,” ಎಂದೆ, “ಸುಣ್ಣಾ ತುಟ್ಟಿ ಆಗೇತಿ.”

ಅಷ್ಟರಲ್ಲಿ ಫಕೀರಪ್ಪನ ಮಾತು ನಿಜವಾಗಿ ಮಿಶ್ರಿಕೋಟಿಯಿಂದ ಗಿರಾಕಿ ಬಂದ. ಎಲ್ಲ ಒಪ್ಪಿದ. ಕೊನೆಗೆ ಪಡಸಾಲೆಯ ಆ ಗೋಡೆಯನ್ನೇ ತಟ್ಟಿ, “ಇದೊಂದು ಕೆಡವಿದ್ರ ಪಡಸಾಲಿ ದೊಡ್ಡದಾಗತೈತಿ. ನಾಳೇನ ಆಳು ಹಚ್ಚತೀನಿ” ಎಂದ.

“ಬಸರಿ ಹೆಣ್ಮಗಳು ಇದ್ದ ಮನ್ಯಾಗ ಗ್ವಾಡಿ ಕೆಡವಬಾರದ್ರಿ. ಅಕಿನ್ನ ಎಬ್ಬಸೂದೂ ಪಾಪ” ಎಂದುಬಿಟ್ಟೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು. ಶಾಂತಾಗೂ ಅದು ಹೊಸ ಸುದ್ದಿ.

ಗಿರಾಕಿ ಹೋದ ಮೇಲೆ ಫಕೀರಪ್ಪ ನನ್ನನ್ನೇ ದಿಟ್ಟಿಸಿ ನೋಡಿದ. “ಮಾಸ್ತರ, ನಿಮಗ ಮನಿ ಮಾರೂದೈತೋ ಇಲ್ಲೋ?” ಸುದ್ದಿ ಹಬ್ಬಿ, ಅತ್ತೆಯವರು ಸೀಮಂತದ ಕುಪ್ಪಸ ಯಾವ ದಿನವೆಂದು ಕೇಳುತ್ತಿದ್ದಾರೆಂದು ಶಾಂತಾ ವಾರವಿಡೀ ನನ್ನ ಮೇಲೆ ಮುನಿಸಿಕೊಂಡಿದ್ದಳು.

ಈಗಲೂ ದಿನಾ ಸಂಜೆ ಹೋಗುತ್ತೇನೆ. ಅವಳು ಆ ಗೋಡೆಯ ಬುಡಕ್ಕೇ ಚಾಪೆ ಹಾಸಿ, “ಆನಿಕೊಂಡು ಆರಾಮ ಕೂಡ್ರಿ ಕಾಕಾ” ಎನ್ನುತ್ತಾಳೆ. ನಾನು ಬೆನ್ನು ನೆಟ್ಟಗೆ ಮಾಡಿ, ತಲೆ ಆ ಕಲೆಗೆ ತಾಗದಂತೆ ಕೂಡುತ್ತೇನೆ. ಈ ವಯಸ್ಸಿನಲ್ಲೂ ಎಂಥ ಶಿಸ್ತು ಎಂದು ಅವಳು ಗಂಡನಿಗೆ ಪಿಸುಗುಡುತ್ತಾಳೆ. ನಾನು ತಿದ್ದುವುದಿಲ್ಲ.