ಮುಂಬೈ ಅಜ್ಜಿಗೆ ಎದುರಾಗಿ ಮೈಸೂರಜ್ಜಿ

ಬೊಂ... ಬೊಂ ಬಾ... ಪೋರ್ಚುಗೀಸರ ಆ ಪದ ನಾಲಿಗೆಯ ತುದಿಯಲ್ಲೇ ಇದೆ, ಬರುತ್ತಿಲ್ಲ. ‘ಒಳ್ಳೆಯ ಕೊಲ್ಲಿ’ ಅಂತ ಅರ್ಥ. ಬಾಂಬೆ ಅನ್ನುವ ಹೆಸರು ಬಂದದ್ದೇ ಅದರಿಂದ ಅನ್ನುವವರಿದ್ದಾರೆ. ನಾನು ಹುಟ್ಟಿದ ಮುಂಬೈಯ ಮಾತೆತ್ತಿದಾಗ ಎದುರಿಗೆ ಬೀಗಿತ್ತಿ ಕೂತಿದ್ದರೆ ನನಗೆ ಯಾವಾಗಲೂ ಹೀಗೇ. ಸೊಸೆಯ ತಾಯಿ ಅವರು, ಮೈಸೂರಿನವರು. ಆರು ತಿಂಗಳಿಗೆಂದು ಪರದೇಶದ ಈ ಸರಟೋಗಾಕ್ಕೆ, ನಮ್ಮ ಮನೆಗೇ ಬಂದಿದ್ದಾರೆ.

೧. ರಾಕ್ಷಸರ ಲೆಕ್ಕ

ಮೊಮ್ಮಗಳಿಗೆ ಸ್ಕೂಲಿನಲ್ಲಿ ಪ್ರಾಜೆಕ್ಟು: ಮನೆಯ ಹಿರಿಯರೊಬ್ಬರ ಊರಿಗೆ ಆ ಹೆಸರು ಹೇಗೆ ಬಂತು? ಒಬ್ಬರದು ಮಾತ್ರ. ಆ ಒಬ್ಬರು ಕ್ಲಾಸಿಗೂ ಹೋಗಬೇಕು. ನಾನು ಅವತ್ತೇ ಸೀರೆ ಆರಿಸಿಟ್ಟೆ.

ಬೀಗಿತ್ತಿ ಮಹಿಷಾಸುರನನ್ನು ಕತ್ತಿ ಹಿಡಿಸಿ ನಿಲ್ಲಿಸಿದರು. ಹುಡುಗಿ ಕಣ್ಣರಳಿಸಿದಳು. ನಾನು ಏಳು ದ್ವೀಪ, ಮೀನುಗಾರರು, ಅವರ ಮುಂಬಾದೇವಿ ಅಂತ ಶುರುಮಾಡಿದೆ.

“ಡಿಡ್ ಶೀ ಕಿಲ್ ಎನಿಬಡಿ?”

“ಒಬ್ಬನಲ್ಲ, ಮೂರು ಜನ ರಾಕ್ಷಸರನ್ನ!”

“ಹೆಸರು ಹೇಳಿ ಅಜ್ಜಿ.”

ಮುಂಬಾರಕ ಅಂತ ಒಬ್ಬನಿದ್ದ, ಹೇಳಿದೆ. ಉಳಿದಿಬ್ಬರಿಗೆ ನನ್ನ ಮೈದುನರ ಹೆಸರಿಟ್ಟೆ.

೨. ಓಟು

ಮಗ ಎಲ್ಲರನ್ನೂ ಫೆರಿಯಲ್ಲಿ ಅಲಮೀಡಾಕ್ಕೆ ಕರೆದುಕೊಂಡು ಹೋದ. ಅದೂ ದ್ವೀಪ, ಅದೂ ಬಂದರು. ಆ ಹೆಸರಿಗೆ ಮರಗಳ ಸಾಲು ಅಂತ ಅರ್ಥವಂತೆ, ಊರಿನವರೇ ಓಟು ಹಾಕಿ ಆರಿಸಿದ್ದಂತೆ.

“ನೋಡಿದ್ರಾ, ಎಷ್ಟು ಮರ್ಯಾದಸ್ಥ ಜನ! ನಿಮ್ಮೂರಲ್ಲಿ ಯಾರನ್ನಾದ್ರೂ ಕೇಳಿದ್ರಾ?” ಅಂದರು ಬೀಗಿತ್ತಿ.

“ನಮ್ಮ ದೇವಿ ಎಲೆಕ್ಷನ್‌ಗೆ ನಿಲ್ಲಲ್ಲ ಕಣ್ರೀ,” ಅಂದೆ. “ನಿಮ್ಮ ಮಹಿಷ ಗೆದ್ದಿದ್ದು ಎಷ್ಟು ಓಟಲ್ಲಿ?”

ವಾಪಸು ಬರುವಾಗ ಅವರು ಫೆರಿಯ ಆ ತುದಿಯಲ್ಲಿ ಕೂತರು.

೩. ದರ್ಶನ

ಕೊನೆಗೆ ಮೊಮ್ಮಗಳು ಮುಂಬೈಯನ್ನೇ ಆರಿಸಿದಳು. ನಾನು ಬೀಗಿತ್ತಿಗೆ ಕೇಳಿಸುವ ಹಾಗೆ ಬರೆಸತೊಡಗಿದೆ: “ಮುಂಬಾ ಅಂದ್ರೆ ದೇವಿ, ಆಯಿ ಅಂದ್ರೆ ಮರಾಠಿಯಲ್ಲಿ ಅಮ್ಮ. ಎರಡೂ ಸೇರಿ ಮುಂಬೈ.”

“ದೇವಿ ನೋಡೋಕೆ ಹೇಗಿದಾಳೆ ಅಜ್ಜಿ?”

ಮದುವೆಯಾಗುವವರೆಗೆ ಇಪ್ಪತ್ತೆರಡು ವರ್ಷ ಮುಂಬೈಯ ಮಾಟುಂಗಾದಲ್ಲೇ ಇದ್ದೆ. ನಾಳೆ ಹೋದರಾಯಿತು ಅಂದುಕೊಂಡು ಆ ಗುಡಿಗೆ ಒಂದು ದಿನವೂ ಹೋಗಿರಲಿಲ್ಲ.

“ನಾನು ನೋಡಿದೀನಿ ಪುಟ್ಟಿ!” ಬೀಗಿತ್ತಿ ಅಡುಗೆಮನೆಯಿಂದ ಓಡಿಬಂದರು. “ಮೂರೇ ದಿನದ ಟೂರು. ಎರಡು ಗಂಟೆ ಕ್ಯೂ ನಿಂತ್ವಿ. ಕೇಸರಿ ಬಣ್ಣದ ಮುಖ, ಬೆಳ್ಳಿ ಕಿರೀಟ, ಮೂಗುತಿ... ಏನು ಕಳೆ ಅಂತೀಯಾ!”

ಹುಡುಗಿ ಪೆನ್ಸಿಲ್ ಸಮೇತ ಅವರ ಕಡೆ ತಿರುಗಿದಳು.

“ನೀವು ಹೋಗೇ ಇಲ್ವಾ ಅಜ್ಜಿ?”

ನೋಟ್‌ಬುಕ್ಕನ್ನು ನನ್ನ ಕಡೆ ಎಳೆದುಕೊಂಡೆ.

“ಬರ್ಕೋ ಪುಟ್ಟಿ. ಕ್ಯೂ ನಿಲ್ಲೋದು ನೆಂಟರು. ಹೆತ್ತಮ್ಮನ್ನ ನೋಡೋಕೆ ಯಾರಾದ್ರೂ ಕ್ಯೂ ನಿಲ್ತಾರಾ? ಬರಿ, ಬರಿ, ದೊಡ್ಡಕ್ಷರದಲ್ಲಿ ಬರಿ.”