ಅತ್ತೆಯ ಕೈ ಹಿಡಿದ ಟಪಾಲು ಪೆಟ್ಟಿಗೆ

ನಮ್ಮ ಸೋದರತ್ತೆಗೆ ಈ ಭೂಮಿಯ ಮೇಲೆ ಯಾವುದರಲ್ಲೂ ನಂಬಿಕೆ ಇರಲಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಕೀಲಿಯಲ್ಲಿ ಇತ್ತು! ಕೀಲಿ ಎಂದರೆ ನಮ್ಮ ಕಡೆ ಬೀಗ. ಮುಧೋಳದ ಅವಳ ಮನೆಯಲ್ಲಿ ಉಪ್ಪಿನಕಾಯಿ ಕಪಾಟಿಗೆ ಕೀಲಿ, ಅಂಗಳದ ನಳಕ್ಕೆ ಕೀಲಿ, ಸಕ್ಕರೆ ಡಬ್ಬಿಗೂ ಕೀಲಿ. ಸುತ್ತ ಕಣ್ಣು ಹಾಯಿಸಿದಷ್ಟು ಕಬ್ಬು ಬೆಳೆಯುವ ಊರಿನಲ್ಲಿ ಸಕ್ಕರೆಗೆ ಕೀಲಿ ಜಡಿಯುವ ಮನೆ ಇನ್ನೊಂದಿದ್ದೀತೇ? ಅವಳು ಹೆಣ್ಣುಮಕ್ಕಳಿಗೆ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಅಲ್ಲಿಯ ಕತ್ತರಿಗಳೂ ಸಂಜೆಯಾದರೆ ಕೀಲಿಯೊಳಗೇ ಮಲಗುತ್ತಿದ್ದವು.

ಇಂಥ ಮನೆಯಲ್ಲಿ ಟಪಾಲು ಮಾತ್ರ ಅನಾಥವಾಗಿತ್ತು. ಅಂಚೆಯವನು ಗೇಟಿನ ಮೇಲಿಂದ ಎಸೆದು ಹೋಗುತ್ತಿದ್ದ. ಬನಹಟ್ಟಿಯ ತಂಗಿ ತನ್ನ ಮಗಳ ಮದುವೆಗೆ ಪತ್ರಿಕೆ ಕಳಿಸಲಿಲ್ಲವೆಂದು ಸಿಟ್ಟಾದ ಅತ್ತೆ ಮದುವೆಗೇ ಹೋಗಲಿಲ್ಲ. ಮರುವಾರ ಮಗ್ಗುಲು ಮನೆಯ ಆಡು ಅಂಗಳದಲ್ಲಿ ನಿಂತು ವಿಮೆಯವರ ಪಾಕೀಟನ್ನು ನಿಧಾನವಾಗಿ ಮೆಲ್ಲುತ್ತಿರುವುದನ್ನು ಕಣ್ಣಾರೆ ಕಂಡಳು. ಮದುವೆ ಪತ್ರಿಕೆ ಎಲ್ಲಿಗೆ ಹೋಗಿತ್ತೆಂಬುದು ಆಗ ಹೊಳೆಯಿತು. ಕಟ್ಟೆಯ ಮೇಲೆ ಕುಸಿದು ಕೂತಳು. ಆಮೇಲೆ ಎದ್ದು, ಕೀಲಿ ಇರುವ ಟಪಾಲು ಪೆಟ್ಟಿಗೆ ತರಲು ಜಮಖಂಡಿಗೆ ಹೋಗೋಣ ನಡೆ ಎಂದು ನನಗೆ ಹೇಳಿದಳು.

ಜಮಖಂಡಿಯ ಅಂಗಡಿಯವನು ಒಳ್ಳೆಯ ಮನುಷ್ಯ. ಬಣ್ಣಬಣ್ಣದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟ. ಅತ್ತೆ ಎಲ್ಲಕ್ಕೂ ಅವನಿಂದಲೇ ಕೀಲಿ ಹಾಕಿಸಿದಳು. ಆಮೇಲೆ ತುರುಬಿನಿಂದ ಒಂದು ಪಿನ್ನು ತೆಗೆದಳು. ಟಕ್. ಮೊದಲನೆಯದು ತೆರೆಯಿತು. ಟಕ್. ಅದರ ಪಕ್ಕದ್ದೂ ತೆರೆಯಿತು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಬಾಯಿ ತೆರೆದು ನಿಂತಿದ್ದರು. ನನ್ನ ಬಾಯಿ ಎಲ್ಲರಿಗಿಂತ ದೊಡ್ಡದಾಗಿ ತೆರೆದಿತ್ತು. ಇಷ್ಟು ವರ್ಷ ಈ ಹೆಂಗಸಿನ ಜೊತೆ ನಾನು ಯಾವ ಧೈರ್ಯದ ಮೇಲೆ ಓಡಾಡಿದೆ?

ಅಂಗಡಿಯವನು ಮೆಲ್ಲಗೆ ಗಲ್ಲಾಪೆಟ್ಟಿಗೆಯ ಮುಂದೆ ಸರಿದು ನಿಂತು ನನ್ನ ಕಿವಿಯಲ್ಲಿ ಕೇಳಿದ: “ಇವರು ಏನ್ ಉದ್ಯೋಗಾ ಮಾಡ್ತಾರ್ರಿ?”

“ಹೊಲಿಗಿ ಕಲಸ್ತಾರ್ರಿ” ಎಂದೆ. ಅವನು ನಂಬಲಿಲ್ಲ. ಆದರೂ ನಾವು ಹೊರಡುವಾಗ ಹಿಂದೆಯೇ ಬಂದು, ತನ್ನ ಗೋದಾಮಿನ ಕೀಲಿಕೈ ಕಳೆದಿದೆ, ಅಕ್ಕಾರು ಒಂದು ಸಲ ಕೈ ಆಡಿಸಿದರೆ ಉಪಕಾರವಾದೀತು ಎಂದು ಕೈ ಮುಗಿದ. ಅದನ್ನೂ ತೆರೆದುಕೊಟ್ಟಳು!

ಅಂಗಡಿಯ ಪೆಟ್ಟಿಗೆಗಳ ಮೇಲೆ ನಂಬಿಕೆ ಹೋದ ಮೇಲೆ ಉಳಿದವನು ಮುಧೋಳದ ವೆಲ್ಡರ್. ಆತ ಕಬ್ಬು ಹೇರುವ ಟ್ರೇಲರ್ ಕಟ್ಟುವವನು. ಟ್ರೇಲರಿನ ದಪ್ಪ ಕಬ್ಬಿಣದ ಪ್ಲೇಟಿನಿಂದಲೇ ಪೆಟ್ಟಿಗೆ ಮಾಡಿ, ಪಿನ್ನಿಗೆ ಬಗ್ಗದ ಕೀಲಿ ಕೂಡಿಸಿ, ಗೇಟಿಗೆ ಬೆಸೆದುಕೊಟ್ಟ. ಆ ಭಾರಕ್ಕೆ ಗೇಟು ನೆಲಕ್ಕೆ ಕೂತುಬಿಟ್ಟಿತು. ಅಂದಿನಿಂದ ಕಾಗದಗಳು ಸಲೀಸಾಗಿ ಒಳಗೆ ಹೋದವು, ಮನುಷ್ಯರು ಹಿತ್ತಲಿನಿಂದ ಹೋಗಬೇಕಾಯಿತು.

ಅತ್ತೆಗೆ ಅಷ್ಟಕ್ಕೂ ಸಮಾಧಾನವಿಲ್ಲ. ಕಳ್ಳನ ಕೈ ಒಳಗೆ ಹೋಗುತ್ತದೋ ಇಲ್ಲವೋ ನೋಡಬೇಕಲ್ಲ? ಒಂದು ಮಧ್ಯಾಹ್ನ ಗೇಟಿನ ಹೊರಗೆ ನಿಂತು ಪೆಟ್ಟಿಗೆಗೆ ಕಾಗದ ಹಾಕುವ ಕಂಡಿಯಲ್ಲಿ ತನ್ನ ಕೈಯನ್ನೇ ತೂರಿಸಿದಳು. ಹೋಯಿತು. ವಾಪಸು ಬರಲಿಲ್ಲ.

ಹೊಲಿಗೆ ಕ್ಲಾಸಿನ ಹುಡುಗಿಯೊಬ್ಬಳು ಫೋನು ಮಾಡಿದಳು. ಓಡಿಬಂದು ನೋಡಿದರೆ, ಮಣಿಕಟ್ಟಿನವರೆಗೆ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡ ಅತ್ತೆ ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು, ಗೇಟಿನ ಒಳಬದಿ ನಿಂತ ಹುಡುಗಿಯರಿಗೆ ಕುಪ್ಪಸದ ತೋಳು ಹೇಗೆ ಕತ್ತರಿಸಬೇಕೆಂದು ಹೇಳಿಕೊಡುತ್ತಿದ್ದಾಳೆ! ವೆಲ್ಡರ್ ಕಟ್ಟರ್ ತಂದ. ಪೆಟ್ಟಿಗೆ ಛಲೋ ಆಗಿದೆ, ಅದಕ್ಕೆ ಗೀರು ಬೀಳಕೂಡದು, ಕೈಗೆ ಏನಾದರೂ ಮಾಡಿ ಎಂದು ಅವನನ್ನು ತಡೆದಳು. ಪೆಟ್ಟಿಗೆಯ ಹಿಂದಿನ ಬಾಗಿಲು ತೆರೆದರೆ ಒಳಗಿನಿಂದ ಬೆರಳು ಮಡಚಿ ಕೈ ಬಿಡಿಸಬಹುದಿತ್ತು.

“ಅತ್ತಿ, ಕೀಲಿಕೈ ಎಲ್ಲೈತಿ?”

“ನನ್ನ ನಡಕ್ಕ ಕಟ್ಟೇನಿ. ಯಾರಿಗೂ ಕೊಡಾಂಗಿಲ್ಲ.”

ವೆಲ್ಡರ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನು ಕಟ್ಟರನ್ನು ಕೆಳಗಿಟ್ಟ.

ಅಷ್ಟರಲ್ಲಿ ಎದುರಿನ ಪತ್ರಾಸಿನ ಖೋಲಿಯಲ್ಲಿ, ಅಂದರೆ ತಗಡಿನ ಕೋಣೆಯಲ್ಲಿ, ಬಾಡಿಗೆಗಿದ್ದ ಹೆಂಗಸು ಶೇಂಗಾ ಎಣ್ಣೆಯ ಗಿಂಡಿ ಹಿಡಿದು ಬಂದಳು. ಅವರದು ಬೀಳಗಿ ಕಡೆ ಕೃಷ್ಣಾ ದಂಡೆಯ ಊರು. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಮುಳುಗಿದ ಮೇಲೆ ಇಲ್ಲಿಗೆ ಬಂದವರು. ಅತ್ತೆ ಅವಳೊಡನೆ ಅಲ್ಲಿಯವರೆಗೆ ಮಾತಾಡಿದ್ದೇ ಇಲ್ಲ. ಆಕೆ ಮಣಿಕಟ್ಟಿಗೆ ಎಣ್ಣೆ ಸುರಿದು, ಹಸುಗೂಸಿಗೆ ನೀರು ಹಾಕುವಷ್ಟು ಮೃದುವಾಗಿ ಅತ್ತಿತ್ತ ತಿರುಗಿಸಿದಳು. ಕೈ ಹೊರಗೆ ಬಂತು. ತರಚಿದಲ್ಲಿ ತನ್ನ ಸೆರಗಿನಿಂದ ಒರೆಸುತ್ತ, ಪೆಟ್ಟಿಗೆಯನ್ನೇ ನೋಡುತ್ತ ಅಂದಳು:

“ಪುಣ್ಯಾ ಮಾಡೀರಿ ಬಿಡ್ರಿ. ನನ್ನ ತಮ್ಮ ಮಿಲ್ಟ್ರ್ಯಾಗ ಅದಾನ್ರಿ. ಅವ ಊರಿಗೇ ಬರಿತಾನ, ಊರು ನೀರಾಗ ಐತಿ. ಈ ಖೋಲಿಗಿ ನಂಬರೂ ಇಲ್ಲ. ಟಪಾಲ ಎಲ್ಲಿಗಿ ಬರಬೇಕ್ರಿ?”

ಅತ್ತೆ ಊದಿಕೊಂಡ ಕೈಯಿಂದಲೇ ನಡುವಿನ ಗಂಟು ಬಿಚ್ಚಿ ಕೀಲಿಕೈ ತೆಗೆದು ಆಕೆಯ ಅಂಗೈಯಲ್ಲಿಟ್ಟಳು.

“ಈ ಮನಿ ವಿಳಾಸಕ್ಕ ಹಾಕಂತ ಅವಂಗ ಬರಿ. ಬಂದದ್ದು ನೀನ ತಕ್ಕೊ. ನಂದೂ ಬಂದಿದ್ರ ಒಳಗ ತಂದುಕೊಡು.”

ಆ ಕೀಲಿಕೈಯನ್ನು ಅವಳು ನನಗೇ ಕೊಟ್ಟಿರಲಿಲ್ಲ!

ಮರುದಿನ ಪೇಂಟರನನ್ನು ಕರೆಸಿ ಪೆಟ್ಟಿಗೆಯ ಮೇಲೆ ತನ್ನ ಹೆಸರು ಬರೆಸಿದಳು. ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಎದುರು ಖೋಲಿಯವರ ಹೆಸರನ್ನೂ, ಅಡ್ಡಹೆಸರಿನ ಸಮೇತ. ಆ ಹೆಂಗಸು ಬಂದು ಹತ್ತಿರದಿಂದ ನೋಡಿದಳು. ಊರು ಬಿಟ್ಟ ಮೇಲೆ ಅವರ ಹೆಸರನ್ನು ಯಾರೂ ಎಲ್ಲೂ ಬರೆದಿರಲಿಲ್ಲವಂತೆ. ಬಣ್ಣ ಹಸಿಯಾಗಿದೆ ಎಂದು ಪೇಂಟರ್ ಹೇಳುವಷ್ಟರಲ್ಲಿ ಅಕ್ಷರಗಳ ಮೇಲೆ ಬೆರಳಾಡಿಸಿಬಿಟ್ಟಿದ್ದಳು. ಕೊನೆಯ ಅಕ್ಷರ ಕದಡಿತು. ಪೇಂಟರ್ ತಿದ್ದಲು ಕುಂಚ ಎತ್ತಿದ.

“ಇರ್ಲಿ ಬಿಡಪಾ” ಎಂದಳು ಅತ್ತೆ. “ಅಕಿ ಬೆರಳ ಮೂಡೇತಿ. ಅಳಸಬ್ಯಾಡ.”